ಬೆವರಿಗೂ ಮೀಟರ್ ಹಾಕಿದ ಕತೆ

2024ರ ಮಾರ್ಚ್. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಬೆಂಗಳೂರು ಜಲಮಂಡಳಿ ಆದೇಶ ಹೊರಡಿಸಿದ್ದ ತಿಂಗಳು. ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಬತ್ತಿ, ಟ್ಯಾಂಕರ್ ಕಾಯುವುದೇ ಎಲ್ಲರ ಕೆಲಸವಾಗಿತ್ತು. ಒಂದು ಬೆಳಿಗ್ಗೆ ಲಿಫ್ಟಿನಲ್ಲಿ ಚೀಟಿ ಅಂಟಿಸಿದ್ದರು: ಮನೆಗೆಲಸದವರು ಇಲ್ಲಿಂದ ನೀರು ತುಂಬಿಕೊಂಡು ಹೋಗುವಂತಿಲ್ಲ. ಕೆಳಗೆ ‘ನಿಮ್ಮ ಸಹಕಾರಕ್ಕೆ ಧನ್ಯವಾದಗಳು’ ಬೇರೆ. ಮೈ ಉರಿದುಹೋಯಿತು. ಕತೆ ಬರೆಯಲು ಕೂತೆ.

ಮೊದಲು ಬರೆದದ್ದು ಈಗ ಓದಿದರೆ ನಗು ಬರುತ್ತದೆ. 2070ನೇ ಇಸವಿ, ಒಬ್ಬ ದುಷ್ಟ ನೀರಿನ ಮಂತ್ರಿ (ನನಗಾಗದ ಒಬ್ಬ ರಾಜಕಾರಣಿಯ ಮೀಸೆಯನ್ನೂ ಅವನಿಗೆ ಅಂಟಿಸಿದ್ದೆ), ಕೊನೆಗೆ ನಾಯಕಿಯ ಒಂದೂವರೆ ಪುಟದ ಭಾಷಣ. ಗೆಳತಿ ಓದಿ, “ಇದು ಕತೆ ಅಲ್ಲ ಕಣೇ, ಸಂಪಾದಕೀಯಕ್ಕೆ ರಾಕೆಟ್ ಕಟ್ಟಿದ್ದೀಯ” ಅಂದಳು. ಎರಡು ದಿನ ಅವಳ ಫೋನ್ ಎತ್ತಲಿಲ್ಲ. ಆದರೆ ಮಾತು ಸರಿಯಾಗೇ ಇತ್ತು. ಆ ಮಂತ್ರಿಯನ್ನು ಬೈದು ಮುಗಿಸಿದರೆ ಚೀಟಿ ಅಂಟಿಸಿದವರೆಲ್ಲ ನಿರಾಳ, ಅಲ್ವಾ? ನನ್ನನ್ನೂ ಸೇರಿಸಿ.

ದಾರಿ ಸಿಕ್ಕಿದ್ದು ಶಾಲೆಯಲ್ಲಿ ಓದಿದ್ದ ‘ಕೆರೆಗೆ ಹಾರ’ದಿಂದ. ಕೆರೆಯಲ್ಲಿ ನೀರು ಬರಬೇಕಾದರೆ ಮನೆಯ ಸೊಸೆಯೊಬ್ಬಳು ಬಲಿಯಾಗಬೇಕು. ಹಿರಿಸೊಸೆ ಹೋದರೆ ಹಿರಿತನಕ್ಕೆ ಯಾರೂ ಇರುವುದಿಲ್ಲ, ಹಾಗಾಗಿ ಕಿರಿಯವಳು, ಭಾಗೀರಥಿ. ಎಷ್ಟು ತಣ್ಣಗೆ ತೀರ್ಮಾನವಾಗುತ್ತದೆ ನೋಡಿ! ಆ ಹಾಡಿನಲ್ಲಿ ರಾಕ್ಷಸರೇ ಇಲ್ಲ. ಪೂಜೆ ಮುಗಿದು ಎಲ್ಲರೂ ಹೊರಟ ಮೇಲೆ ಭಾಗೀರಥಿ ಮರೆತ ಬಟ್ಟಲು ತರಲು ಮರಳುತ್ತಾಳೆ, ನೀರು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಯಾರೂ ಏನೂ ಬೋಧಿಸುವುದಿಲ್ಲ, ಆದರೂ ಹೊಟ್ಟೆಯೊಳಗೆ ಕಲ್ಲು ಇಟ್ಟ ಹಾಗಾಗುತ್ತದೆ.

ಸರಿ, ಮಂತ್ರಿಯನ್ನು ತೆಗೆದು ಹಾಕಿದೆ. ಬದಲಿಗೆ ಆ ಲೋಕಕ್ಕೆ ಒಂದೇ ಒಂದು ಹೊಸ ನಿಯಮ ಇಟ್ಟೆ. ಬಂಗಾಳದ ಲೇಖಕಿ ಬೇಗಂ ರೊಕೇಯಾ 1905ರಲ್ಲಿ ‘ಸುಲ್ತಾನಾಳ ಕನಸು’ ಬರೆದಾಗ ಮುಖ್ಯವಾಗಿ ಮಾಡಿದ್ದೂ ಅಂಥದ್ದೇ: ಗಂಡಸರನ್ನು ಒಳಮನೆಗೆ ಕಳಿಸಿ ಹೆಂಗಸರನ್ನು ಹೊರಗೆ ಬಿಟ್ಟದ್ದು. ಗಾಳಿಯ ತೇವದಿಂದ ನೀರು ತೆಗೆಯುವ ಯಂತ್ರ ಈಗಲೇ ಇದೆ. ನನ್ನ ಕತೆಯ ಊರಲ್ಲಿ ಪ್ರತಿ ಮನೆಯ ಗೋಡೆಯೂ ಆ ಕೆಲಸ ಮಾಡುತ್ತದೆ, ಮತ್ತು ಗೋಡೆ ಯಾರದ್ದೋ ನೀರು ಅವರದ್ದು. ಅಷ್ಟೇ. ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಕಾವೇರಿಯನ್ನು ಹಂತ ಹಂತವಾಗಿ ಪಂಪ್ ಮಾಡಿ ಮೇಲೆತ್ತಿಕೊಳ್ಳುವ ಊರಿನವಳಿಗೆ ಇದೇನು ದೊಡ್ಡ ಕಲ್ಪನೆಯೂ ಅಲ್ಲ.

ಆಮೇಲೆ ಆ ನಿಯಮದ ಹಿಂದೆ ಸುಮ್ನೆ ನಡೆದೆ. ಪಾತ್ರೆ ತೊಳೆಯಲು ಬಂದವಳ ಬೆವರು ಆರಿ ಗಾಳಿಗೆ ಸೇರಿದರೆ? ಅದೂ ಮನೆಯವರ ಖಾತೆಗೆ. ಬಿಸಿಲಲ್ಲಿ ಮೈಮುರಿದು ದುಡಿದರೆ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹೋಗಬಹುದು ಅಂತ ಓದಿದ್ದೆ, ಅಡುಗೆಮನೆಗೆ ಅಂತ ಕಮ್ಮಿ ಮಾಡಿಕೊಂಡು ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದೆ. ಹಾಗೆ ಹುಟ್ಟಿದ್ದು ಕತೆಯ ಮುಖ್ಯ ದೃಶ್ಯ: ಅವಳು ತಿಕ್ಕುತ್ತಿದ್ದ ಕುಕ್ಕರ್ ಅಲ್ಲೇ ಬಿಟ್ಟು, ಸೆರಗಿನಿಂದ ಮುಖ ಕತ್ತು ಒರೆಸಿಕೊಂಡು, ನಾಲ್ಕು ಮಹಡಿ ಇಳಿದು, ಗೇಟು ದಾಟಿ ಹೋಗಿ ಸೆರಗು ಕೊಡವಿ ಬರುತ್ತಾಳೆ. ದಿನಾ. ಯಾಕೆ ಅಂತ ಅವಳು ಹೇಳುವುದಿಲ್ಲ, ನಾನೂ ಹೇಳಲಿಲ್ಲ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇದನ್ನು ಓದಿದವರಿಗೆ ತುಂಬಾ ಇಷ್ಟವಾಯಿತು. “ಸದ್ಯ, ನಾವು ಅಷ್ಟು ಕೆಟ್ಟವರಲ್ಲ” ಅಂದರು ಒಬ್ಬರು. ನನಗೆ ಬಂದ ಅತಿ ಕೆಟ್ಟ ವಿಮರ್ಶೆ ಅದೇ ಇರಬೇಕು.

ಒಳ್ಳೆಯದು ಸಿಕ್ಕಿದ್ದು ನಮ್ಮ ಮನೆಗೆ ಕೆಲಸಕ್ಕೆ ಬರುವವರಿಂದ. ಅಚ್ಚಿಗೆ ಕಳಿಸುವ ಮುಂಚೆ ಅವರಿಗೆ ಕತೆ ಹೇಳಿದ್ದೆ. ಪೂರ್ತಿ ಕೇಳಿಸಿಕೊಂಡು, “ಅಲ್ಲ ಅಕ್ಕ, ಅಡುಗೆಮನೇಲಿ ಫ್ಯಾನ್ ತಿರುಗ್ತಿದೆ ಅಂದ್ರಲ್ಲ, ಅವ್ರ್ಯಾಕೆ ಹಾಕಿಸ್ತಾರೆ? ಬೆವರು ಕಮ್ಮಿ ಆಗಲ್ವಾ?” ಅಂದರು. ಆರು ತಿಂಗಳು ತಿದ್ದಿದರೂ ನನಗೆ ಇದು ಹೊಳೆದಿರಲಿಲ್ಲ. ಆ ರಾತ್ರಿಯೇ ಕತೆಯಿಂದ ಫ್ಯಾನ್ ತೆಗೆದೆ. ಅವರು ದಿನಾ ಪಾತ್ರೆ ತಿಕ್ಕುವ ನಮ್ಮ ಯುಟಿಲಿಟಿಯಲ್ಲೂ ಫ್ಯಾನ್ ಇಲ್ಲ ಅನ್ನುವುದು ಆ ಸಾಲು ಅಳಿಸುವಾಗ ನೆನಪಾಯಿತು.