ಹೊಸ ಫ್ಲ್ಯಾಟ್‌ಗೆ ಬಂದವರೇ, ಕಿಟಕಿ ಯಾವಾಗ ತೆಗೆಯುತ್ತೀರಿ?

ಊರಿಂದ ಬೆಂಗಳೂರಿಗೆ ಬಂದ ಹೊಸದರಲ್ಲಿ ಮನೆಮಂದಿಗೆಲ್ಲ ಕೆಮ್ಮು, ನೆಗಡಿ ಹತ್ತಿಕೊಳ್ಳುವುದುಂಟು. "ಇಲ್ಲಿನ ಹವಾ ಒಗ್ಗಲಿಲ್ಲ" ಅಂದುಬಿಡುತ್ತೇವೆ. ಹೊರಗಿನ ಹವಾ ಸರಿ, ಮನೆಯೊಳಗಿನದು?

ಊರಿನ ಮನೆ ನೆನಪಿಸಿಕೊಳ್ಳಿ. ಹೆಂಚಿನ ಸಂದು, ಬಾಗಿಲ ಸಂದು, ಗೋಡೆಯಲ್ಲಿ ಬೆಳಕಿಂಡಿ. ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳಲ್ಲೂ ಕಿಟಕಿಯ ಮೇಲೊಂದು ವೆಂಟಿಲೇಟರ್ ಇರುತ್ತಿತ್ತು. ನಾವು ಮರೆತರೂ ಗಾಳಿ ಓಡಾಡುತ್ತಿತ್ತು. ಈಗಿನ ಕರೆಂಟ್ ಉಳಿಸುವ ಫ್ಲ್ಯಾಟ್‌ಗಳಲ್ಲಿ ಯುಪಿವಿಸಿ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಕಿಟಕಿ, ಎರಡು ಪದರ ಗಾಜು, ಅಂಚಿಗೆ ರಬ್ಬರ್. ಎಸಿ ತಂಪು ಸೋರುವುದಿಲ್ಲ, ರಸ್ತೆ ಗಲಾಟೆ ಕೇಳುವುದಿಲ್ಲ. ಒಳ್ಳೆಯದೇ. ಆದರೆ ಒಗ್ಗರಣೆ ಘಾಟು, ಊದುಬತ್ತಿ ಹೊಗೆ, ಬಚ್ಚಲ ಆವಿ ಎಲ್ಲವೂ ಒಳಗೇ ಕೂರುತ್ತವೆ. ಸ್ಪ್ಲಿಟ್ ಎಸಿ ಹೊಸ ಗಾಳಿ ತರುವುದಿಲ್ಲ, ರೂಮಿನ ಗಾಳಿಯನ್ನೇ ಸುತ್ತಿಸಿ ತಂಪು ಮಾಡುತ್ತದೆ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 420 ಪಾಲು. ಬಾಗಿಲು ಹಾಕಿ ಮೂವರು ಮಲಗಿದ ರೂಮಿನಲ್ಲಿ ಬೆಳಗಾಗುವಷ್ಟರಲ್ಲಿ ಅದು 1000 ದಾಟುವುದು ಮಾಮೂಲು. ಎದ್ದಾಗ ತಲೆ ಭಾರ ಅನ್ನಿಸುತ್ತೆ ಅಲ್ವಾ? ಮಲಗುವಾಗ ರೂಮಿನ ಬಾಗಿಲು ಸ್ವಲ್ಪ ಸರಿಸಿಡಿ.

ಕಿಟಕಿ ತೆಗೆಯಲು ಹೊತ್ತು ನೋಡಬೇಕು. ರಸ್ತೆ ಪಕ್ಕದ ಮನೆಯಾದರೆ ಆಫೀಸ್ ಟ್ರಾಫಿಕ್ ವೇಳೆ ಬೇಡ. ಡಿಸೆಂಬರ್, ಜನವರಿಯಲ್ಲಿ ಮುಂಜಾನೆಯ ಮಂಜಿನ ಜೊತೆ ಹೊಗೆಯೂ ಕೆಳಗೇ ನಿಂತಿರುತ್ತದೆ, ಬಿಸಿಲೇರಿದ ಮೇಲೆ ತೆಗೆಯಿರಿ. ಎದುರುಬದುರು ಎರಡು ಕಿಟಕಿ ಹತ್ತು ಹದಿನೈದು ನಿಮಿಷ ತೆಗೆದರೂ ಸಾಕಷ್ಟು ಗಾಳಿ ಬದಲಾಗುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್‌ನಲ್ಲಿ ನಗರದ ಗಾಳಿ ಹೇಗಿದೆ ಅಂತ ನೋಡಬಹುದು. ಸಂಜೆ ಸೊಳ್ಳೆಗೆ ಹೆದರಿ ಎಲ್ಲ ಮುಚ್ಚಿ, ಒಳಗೆ ಕಾಯಿಲ್ ಹಚ್ಚುವುದು ಮಾತ್ರ ಬೇಡವೇ ಬೇಡ. ಕಿಟಕಿಗೆ ಜಾಲರಿ ಹಾಕಿಸಿ.

ಅಡುಗೆಮನೆಯದು ನನ್ನದೇ ಕಥೆ. ಚಿಮಣಿ ಭರ್ರೋ ಅಂತ ಸದ್ದು ಮಾಡುತ್ತಿತ್ತು, ಆದರೂ ಬ್ಯಾಡಗಿ ಮೆಣಸಿನಕಾಯಿ ಹುರಿದ ದಿನ ಹಾಲ್‌ನಲ್ಲಿ ಕೂತವರೆಲ್ಲ ಸೀನುತ್ತಿದ್ದರು. ಎರಡು ತಿಂಗಳಾದ ಮೇಲೆ ಏಣಿ ಹತ್ತಿ ನೋಡಿದರೆ, ಪೈಪ್ ಹೊರಗೆ ಹೋಗಿರಲೇ ಇಲ್ಲ. ಫಾಲ್ಸ್ ಸೀಲಿಂಗ್ ಒಳಗೇ ಮುಗಿದಿತ್ತು! ಫಿಟ್ ಮಾಡಿದವರು "ಎಲ್ಲಾ ಓಕೆ ಸಾರ್" ಅಂದಿದ್ದರು. ಹಾಗಾಗಿ ಪೈಪಿನ ತುದಿ ನೀವೇ ಕಣ್ಣಾರೆ ನೋಡಿ. ಬಚ್ಚಲಿನ ಎಕ್ಸಾಸ್ಟ್ ಫ್ಯಾನ್‌ಗೆ ಒಂದು ಟಿಶ್ಯೂ ಕಾಗದ ಹಿಡಿಯಿರಿ. ಜಾಲರಿಗೆ ಅಂಟಿ ನಿಂತರೆ ಎಳೆಯುತ್ತಿದೆ, ಬಿದ್ದರೆ ಸುಮ್ನೆ ತಿರುಗುತ್ತಿದೆ.

ಬಾಡಿಗೆ ಮನೆ ನೋಡುವಾಗ ಗ್ಯಾಸ್ ಗೀಸರ್ ಎಲ್ಲಿದೆ ಅಂತ ಮೊದಲು ಕೇಳಿ. ಬಚ್ಚಲೊಳಗೆ ಇದ್ದರೆ ಹೊರಗೆ ಹಾಕಿಸಿಕೊಡಿ ಎಂದು ಓನರ್ ಹತ್ತಿರ ಹಟ ಹಿಡಿಯಿರಿ. ಮುಚ್ಚಿದ ಜಾಗದಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಅಲ್ಲೇ ಪ್ರಜ್ಞೆ ತಪ್ಪಿ ಜೀವ ಕಳೆದುಕೊಂಡದ್ದು ಈ ಊರಿನಲ್ಲೇ ಆಗಿದೆ. ಯಾರಿಗಾದರೂ ತಲೆ ಸುತ್ತಿದರೆ ಬಾಗಿಲು ತೆಗೆದು, ಗೀಸರ್ ಆರಿಸಿ, ಅವರನ್ನು ಬಯಲಿಗೆ ಕರೆತನ್ನಿ. 108ಕ್ಕೆ ಫೋನ್ ಮಾಡಿ.

ಮಳೆಗಾಲದಲ್ಲಿ ಬಟ್ಟೆ ಒಣಹಾಕಲು ಬೆಡ್‌ರೂಮ್ ಬಿಟ್ಟು ಬೇರೆ ಜಾಗ ಹುಡುಕಿ. ಹೊರಗೋಡೆಗೆ ಬೀರು ಒತ್ತಿಸಿಟ್ಟರೆ ಹಿಂದೆ ಬೂಷ್ಟು ಹಿಡಿಯುತ್ತದೆ, ರೇಷ್ಮೆ ಸೀರೆಗೆ ಮುಗ್ಗಲು ವಾಸನೆ ಬರುತ್ತದೆ. ನಾಲ್ಕು ಬೆರಳು ಜಾಗ ಬಿಡಿ. ಹೊಸ ವಾರ್ಡ್‌ರೋಬ್ ತೆಗೆದಾಗ ಕಣ್ಣು ಉರಿಯುತ್ತಿದ್ದರೆ ಅದು ಪ್ಲೈವುಡ್ ಅಂಟಿನಿಂದ ಬರುವ ಫಾರ್ಮಾಲ್ಡಿಹೈಡ್ ಎಂಬ ಅನಿಲ ಇರಬಹುದು. ಮನೆಗೆ ಬರುವ ಮೊದಲು ಕೆಲವು ವಾರ ಬಾಗಿಲು, ಡ್ರಾಯರ್ ಎಲ್ಲ ತೆರೆದಿಟ್ಟರೆ ಎಷ್ಟೋ ಕಡಿಮೆಯಾಗುತ್ತದೆ. ಏರ್ ಪ್ಯೂರಿಫೈಯರ್ ಧೂಳು ಹಿಡಿಯುತ್ತದೆ ನಿಜ, ಆದರೆ ಹೊಸ ಗಾಳಿ ತರುವುದಿಲ್ಲ. ಕಿಟಕಿ ಜಾಲರಿಗೇ ಮೊದಲು ದುಡ್ಡು ಹಾಕಿ ಅಂತ ನನ್ನ ಸಲಹೆ.

ಗೃಹಪ್ರವೇಶಕ್ಕೆ ಹೋಮ ಇಟ್ಟುಕೊಂಡಿದ್ದರೆ ಬಾಲ್ಕನಿ ಬಾಗಿಲು ತೆಗೆದಿಡಿ, ಮೇಂಟೆನೆನ್ಸ್ ಆಫೀಸಿಗೆ ಹಿಂದಿನ ದಿನವೇ ಹೇಳಿ. ನಮ್ಮ ಬ್ಲಾಕ್‌ನಲ್ಲಿ ಒಬ್ಬರು ಹೇಳದೆ, ಸರಿಯಾಗಿ ಪೂರ್ಣಾಹುತಿ ಹೊತ್ತಿಗೆ ಅಲಾರಂ ಹೊಡೆದುಕೊಂಡು, ಸೆಕ್ಯೂರಿಟಿಯವರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಒಳಗೆ ನುಗ್ಗಿದ್ದರು.