ಬೆರಳಚ್ಚಿನ ಲಾಗಿನ್ ಮತ್ತು ತೆರೆಯದ ಹೋಮ್ ಡೈರೆಕ್ಟರಿ: ನನ್ನ ಅನುಭವ

ಮಂಡ್ಯದ ನಮ್ಮ ಆಲೆಮನೆಯ ಲೆಕ್ಕವನ್ನೆಲ್ಲ ಅಪ್ಪ ಉಬುಂಟು 16.04 (ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆ) ಇದ್ದ ಲ್ಯಾಪ್‌ಟಾಪಿನಲ್ಲಿ ಇಡುತ್ತಿದ್ದರು. ಕಬ್ಬು ಕೊಟ್ಟವರ ಬ್ಯಾಂಕ್ ಖಾತೆಯ ವಿವರಗಳೂ ಅದರಲ್ಲಿದ್ದುದರಿಂದ, ಅಳವಡಿಸುವಾಗಲೇ ನಾನು ಅವರ ಹೋಮ್ ಡೈರೆಕ್ಟರಿಯನ್ನು, ಎಂದರೆ ಅವರ ಕಡತಗಳೆಲ್ಲ ಇರುವ ಜಾಗವನ್ನು, ಇಕ್ರಿಪ್ಟ್‌ಎಫ್‌ಎಸ್ ಎಂಬ ವ್ಯವಸ್ಥೆಯಿಂದ ಎನ್‌ಕ್ರಿಪ್ಟ್ (ಕೀಲಿಯಿಲ್ಲದೆ ಓದಲಾಗದಂತೆ) ಮಾಡಿಸಿದ್ದೆ; ನಂತರದ 18.04ರ ಇನ್‌ಸ್ಟಾಲರ್‌ನಲ್ಲಿ ಈ ಆಯ್ಕೆಯೇ ಉಳಿಯಲಿಲ್ಲ. ದಿನಕ್ಕೆ ಹತ್ತು ಸಲ ಉದ್ದನೆಯ ಪಾಸ್‌ವರ್ಡ್ ಒತ್ತಿ ಬೇಸತ್ತ ಅಪ್ಪ, "ಬೆರಳಿಟ್ರೆ ತೆಗೆಯೋ ಹಂಗೆ ಮಾಡ್ಕೊಡು ಮಗ" ಎಂದರು.

ಬೆರಳಚ್ಚಿನ ವ್ಯವಸ್ಥೆಯನ್ನು ಅರ್ಧ ಗಂಟೆಯಲ್ಲಿ ಹೊಂದಿಸಿದೆ. ಅಪ್ಪ ಬೆರಳಿಟ್ಟರು, ಪರದೆ ಒಮ್ಮೆ ಕಪ್ಪಾಯಿತು, ಮತ್ತೆ ಲಾಗಿನ್ ಪರದೆಯೇ ಬಂತು. ನನ್ನ ಖಾತೆಯಿಂದ ಒಳಹೊಕ್ಕು ಸೂಡೋ (ನಿರ್ವಾಹಕರ ಅಧಿಕಾರ ಕೊಡುವ ಆಜ್ಞೆ) ಬಳಸಿ ಅವರ ಡೈರೆಕ್ಟರಿಯನ್ನು ನೋಡಿದಾಗ, ವರ್ಷಗಳ ಲೆಕ್ಕವಿರಬೇಕಾದ ಜಾಗದಲ್ಲಿ ಎರಡೇ ಕಡತಗಳು ಕಂಡವು: ಒಂದು ರೀಡ್‌ಮಿ, ಇನ್ನೊಂದು 'ನಿಮ್ಮ ಖಾಸಗಿ ದತ್ತಾಂಶವನ್ನು ತೆರೆಯಿರಿ' ಎಂಬರ್ಥದ ಇಂಗ್ಲಿಷ್ ಹೆಸರಿನದು. ಒಂದು ಕ್ಷಣ ಎದೆ ಧಸಕ್ಕೆಂದಿತು. ಆದರೆ ಏನೂ ಅಳಿಸಿಹೋಗಿರಲಿಲ್ಲ. ಇಕ್ರಿಪ್ಟ್‌ಎಫ್‌ಎಸ್‌ನಲ್ಲಿ ಕಡತಗಳನ್ನು ಬಿಡಿಸುವ ನಿಜವಾದ ಕೀಲಿಯನ್ನು ಲಾಗಿನ್ ಪಾಸ್‌ವರ್ಡಿನಿಂದ ಸುತ್ತಿ ಇಟ್ಟಿರುತ್ತಾರೆ. ಪಾಸ್‌ವರ್ಡ್ ಒತ್ತಿದಾಗ, ಲಾಗಿನ್ ಪರಿಶೀಲಿಸುವ ಪ್ಯಾಮ್ ಎಂಬ ವ್ಯವಸ್ಥೆ ಅದನ್ನು ಬಳಸಿ ಆ ಸುತ್ತನ್ನು ಬಿಚ್ಚುತ್ತದೆ. ಬೆರಳಚ್ಚು 'ಇವರು ಹೌದು' ಎಂದಷ್ಟೇ ಹೇಳುತ್ತದೆ, ಬಿಚ್ಚಲು ಬೇಕಾದ ಅಕ್ಷರಗಳನ್ನು ಕೊಡುವುದಿಲ್ಲ. ಏನನ್ನೂ ಕೇಳದೆ ಒಳಬಿಡುವ ಆಟೋ ಲಾಗಿನ್‌ನ ಕಥೆಯೂ ಇದೇ.

ಹಿಂದೊಮ್ಮೆ ನನ್ನನ್ನು ಕಾಡಿದ್ದ ಒಗಟೂ ಆಗ ಬಗೆಹರಿಯಿತು. ಅಪ್ಪ ಲಾಗಿನ್ ಆಗಿದ್ದಾಗ ಅವರ ಖಾತೆಗೆ ನನ್ನ ಎಸ್‌ಎಸ್‌ಎಚ್ ಕೀಲಿ (ಬೇರೆ ಯಂತ್ರದಿಂದ ಪಾಸ್‌ವರ್ಡ್ ಇಲ್ಲದೆ ಒಳಬರುವ ಕೀಲಿ) ನಡೆಯುತ್ತಿತ್ತು, ಅವರು ಲಾಗ್ಔಟ್ ಆದರೆ ನಡೆಯುತ್ತಿರಲಿಲ್ಲ: ಅನುಮತಿಸಿದ ಕೀಲಿಗಳ ಪಟ್ಟಿಯೇ ಆ ಮುಚ್ಚಿದ ಡೈರೆಕ್ಟರಿಯೊಳಗಿತ್ತು. ಅದನ್ನು ಹೊರಗೆ, ಯಂತ್ರದ ಹೊಂದಾಣಿಕೆಯ ಕಡತಗಳಿರುವ ಇಟಿಸಿ ಡೈರೆಕ್ಟರಿಯ ಕೆಳಗೆ, ಇಟ್ಟರೆ ಒಳಬರಬಹುದು. ಆದರೂ ಕಡತಗಳು ತೆರೆಯಲು ಪಾಸ್‌ವರ್ಡ್ ಬೇಕೇ ಬೇಕು. ಪಾಸ್‌ವರ್ಡನ್ನು ಡಿಸ್ಕಿನಲ್ಲೇ ಒಂದು ಕಡತದಲ್ಲಿ ಬರೆದಿಟ್ಟು ತಾನಾಗಿ ತೆರೆಯುವಂತೆ ಮಾಡುವ ಉಪಾಯವೂ ಹೊಳೆಯದೆ ಇರಲಿಲ್ಲ; ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಹೊಸ್ತಿಲ ಮೇಲೇ ಇಟ್ಟಂತೆ ಎನಿಸಿ ಕೈಬಿಟ್ಟೆ.

ಕೊನೆಗೆ ಎಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಹೊಸ ಉಬುಂಟುವನ್ನು ಲಕ್ಸ್ ಎಂಬ ವ್ಯವಸ್ಥೆ ಬಳಸಿ ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ ಹಾಕಿದೆ. ಇದರಿಂದ ಇನ್ನೊಂದು ತೊಂದರೆಯೂ ತಪ್ಪಿತು: ಇಕ್ರಿಪ್ಟ್‌ಎಫ್‌ಎಸ್‌ನಲ್ಲಿ ಕಡತದ ಹೆಸರು ಸುಮಾರು 143 ಬೈಟ್ ಮೀರುವಂತಿಲ್ಲ, ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ 'ಮಂಡ್ಯ' ಎಂಬುದೊಂದೇ 15 ಬೈಟ್ ತಿನ್ನುತ್ತದೆ, ಅಪ್ಪನೋ ಕಡತಕ್ಕೆ ರೈತನ ಹೆಸರು, ಊರು, ತಿಂಗಳು ಎಲ್ಲವನ್ನೂ ಕನ್ನಡದಲ್ಲೇ ಬರೆಯುವವರು.

ಈಗ ಬೆಳಿಗ್ಗೆ ಯಂತ್ರ ಹೊತ್ತಿಸುವಾಗ ಒಮ್ಮೆ ಡಿಸ್ಕಿನ ಪಾಸ್‌ಫ್ರೇಸ್ ಒತ್ತಿದರೆ, ಆಟೋ ಲಾಗಿನ್ ಆಗಿ ನೇರ ಡೆಸ್ಕ್‌ಟಾಪ್ ಬರುತ್ತದೆ. ನಡುವೆ ಪರದೆಗೆ ಬೀಗ ಬಿದ್ದರೆ ಬೆರಳೇ ಸಾಕು, ಏಕೆಂದರೆ ಡಿಸ್ಕ್ ಆಗಲೇ ತೆರೆದಿರುತ್ತದೆ. ಮುಚ್ಚಳ ಮುಚ್ಚಿ ಮಲಗಿಸಿದ ಯಂತ್ರದ ಮೆಮೊರಿಯಲ್ಲಿ ಕೀಲಿ ಹಾಗೆಯೇ ಉಳಿಯುವುದರಿಂದ, ರಾತ್ರಿ ಪೂರ್ತಿ ಆರಿಸಲೇಬೇಕು ಎಂದು ಅಪ್ಪನಿಗೆ ಹೇಳಿದ್ದೇನೆ. ಆಟೋ ಲಾಗಿನ್ ಆದ ಮೇಲೆ ಬ್ರೌಸರ್ ತೆರೆದರೆ ಕೀರಿಂಗ್ (ಉಳಿಸಿದ ಪಾಸ್‌ವರ್ಡ್‌ಗಳನ್ನು ಬೀಗ ಹಾಕಿಡುವ ಪೆಟ್ಟಿಗೆ) ಇನ್ನೂ ಪಾಸ್‌ವರ್ಡ್ ಕೇಳುತ್ತದೆ, ಕಾರಣವೂ ಅದೇ ಹಳೆಯದು: ಬಿಚ್ಚಲು ಬೇಕಾದ ಅಕ್ಷರಗಳನ್ನು ಯಾರೂ ಒತ್ತಿರುವುದಿಲ್ಲ. ಅಪ್ಪ ಅದಕ್ಕೆ ಉತ್ತರಿಸದೆ ರದ್ದು ಗುಂಡಿ ಒತ್ತಿ ಮುಂದೆ ಹೋಗುತ್ತಾರೆ.