ಚೈನ್ ಬಿಚ್ಚಿ ನಾಯಿ ಓಡಿಸೋಕೆ ಹತ್ತು ಸೆಂಟ್ಸ್ ಜಾಗ ಸಾಕು

ಮಂಗಳೂರಿನ ಫ್ಲ್ಯಾಟಲ್ಲಿ ಲ್ಯಾಬ್ರಡಾರ್ ಸಾಕಿದವರ ಪಾಡು ಗೊತ್ತಲ್ವಾ? ಬೆಳಿಗ್ಗೆ ಚೈನ್ ಹಿಡಿದು ರಸ್ತೆಗಿಳಿದರೆ ಒಂದು ಕಡೆ ಸಿಟಿ ಬಸ್ಸು, ಇನ್ನೊಂದು ಕಡೆ ಬೀದಿನಾಯಿಗಳ ಗುಂಪು. ಚೈನ್ ಬಿಚ್ಚಿ ಓಡಿಸೋಣ ಎಂದರೆ ಜಾಗವಿಲ್ಲ. ಬಡಾವಣೆಯವರೇ ಸೇರಿ ನಾಯಿಗಳಿಗೆಂದೇ ಬೇಲಿ ಹಾಕಿದ ಒಂದು ಪಾರ್ಕ್ ಮಾಡಬಹುದು, ಅದಕ್ಕೆ ಕದ್ರಿ ಪಾರ್ಕಿನಷ್ಟು ಜಾಗವೇನೂ ಬೇಡ. ಹತ್ತು ಸೆಂಟ್ಸ್, ಅಂದರೆ ಸುಮಾರು 4,350 ಚದರ ಅಡಿ ಸಿಕ್ಕಿದರೆ ಒಂದು ಬಡಾವಣೆಗೆ ಸಾಕು.

ಮೊದಲು ನಾಯಿ ಇಲ್ಲದ ಮನೆಯವರ ಹತ್ತಿರ ಮಾತಾಡಿ. ಅವರ ತಕರಾರು ಹೆಚ್ಚಾಗಿ ಎರಡೇ, ಬೊಗಳುವುದು ಮತ್ತು ವಾಸನೆ. ಬಿಡುವ ಹೊತ್ತನ್ನು ಅವರ ಜೊತೆ ಕೂತೇ ಗೊತ್ತು ಮಾಡಿ, ಆಮೇಲೆ ಸಹಿ ಹಾಕಿಸಿದ ಅರ್ಜಿಯನ್ನು ವಾರ್ಡ್ ಸಮಿತಿಗೂ ಪಾಲಿಕೆಗೂ ಕೊಡಿ. ಬರವಣಿಗೆಯಲ್ಲಿ ಒಪ್ಪಿಗೆ ಸಿಗದೆ ಒಂದು ಕಂಬವನ್ನೂ ಹುಗಿಯಬೇಡಿ.

ಇನ್ನು ನೀರು. ನಮ್ಮೂರಲ್ಲಿ ಎಲ್ಲ ಕೆಡುವುದು ಇಲ್ಲೇ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಚಂದಕ್ಕೆ ಹುಲ್ಲು ಹಾಸಿದರೆ ಆಟಿ ತಿಂಗಳು (ಜುಲೈ-ಆಗಸ್ಟ್) ಬರುವಷ್ಟರಲ್ಲಿ ಕೆಸರುಗದ್ದೆ. ಇಲಿ ಮೂತ್ರ ಸೇರಿದ ನಿಂತ ನೀರಿನಿಂದ ಇಲಿಜ್ವರ ನಾಯಿಗೂ ಬರುತ್ತದೆ, ನಾಯಿಯಿಂದ ನಮಗೂ ಬರಬಹುದು. ಹಾಗಾಗಿ ಹುಲ್ಲಿನ ಯೋಚನೆ ಬಿಟ್ಟು ಮೊದಲು ನೆಲಕ್ಕೆ ಇಳಿಜಾರು ಕೊಡಿ, ಅಂಚಿನಲ್ಲಿ ಚರಂಡಿ ತೆಗೆಸಿ, ಅದರ ನೀರು ಹೋಗುವ ತೋಡು (ಸಣ್ಣ ಕಾಲುವೆ) ಕಟ್ಟಿಕೊಂಡಿಲ್ಲ ತಾನೇ ಎಂದು ನೋಡಿ. ಗೇಟಿನ ಹತ್ತಿರ ಎಲ್ಲರೂ ತುಳಿಯುವ ಜಾಗಕ್ಕೆ ಕೆಂಪುಕಲ್ಲು ಹಾಸಿ. ದೀಪಾವಳಿ ಕಳೆದು ಕೆಲಸ ಶುರು ಮಾಡಿದರೆ ಮಳೆಗೆ ಮುಂಚೆ ಮುಗಿಯುತ್ತದೆ.

ಬೇಲಿಗೆ ಐದಡಿ ಎತ್ತರದ ಜಾಲರಿ ಹಾಕಿ. ಮಣ್ಣು ಕೆರೆದು ನುಸುಳುವ ಕಿಲಾಡಿಗಳಿರುತ್ತವೆ, ಅವಕ್ಕಾಗಿ ಬುಡದಲ್ಲಿ ಒಂದು ಸಾಲು ಕಲ್ಲು ಹೂತುಬಿಡಿ. ಗೇಟು ಎರಡು ಬೇಕೇ ಬೇಕು. ಹೊರಗಿನದ್ದು ಮುಚ್ಚಿ, ನಡುವಿನ ಜಾಗದಲ್ಲಿ ಚೈನ್ ಬಿಚ್ಚಿ, ಆಮೇಲೆ ಒಳಗಿನದ್ದು ತೆರೆಯುವುದು. ಒಂದೇ ಗೇಟಿದ್ದರೆ ನೀವು ಒಳಗೆ ಹೋಗುವಾಗ ಇನ್ನೊಬ್ಬರ ನಾಯಿ ರಸ್ತೆಯಲ್ಲಿರುತ್ತದೆ. ದುಡ್ಡು ಉಳಿದರೆ ಸಣ್ಣ ನಾಯಿಗಳಿಗೆ ಬೇರೆ ಭಾಗ ಮಾಡಿ. ಕಣಗಿಲೆ ಗಿಡ ಮಾತ್ರ ನೆಡಬೇಡಿ, ಅದರ ಎಲೆ, ಹೂವು ಎಲ್ಲ ವಿಷ.

ನಿಯಮದ ಬೋರ್ಡು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿರಲಿ. ರೇಬೀಸ್ ಲಸಿಕೆ ಹಾಕಿಸದ ನಾಯಿಗೆ, ಬೆದೆಗೆ ಬಂದ ಹೆಣ್ಣು ನಾಯಿಗೆ, ನಾಲ್ಕು ತಿಂಗಳೂ ತುಂಬದ ಮರಿಗೆ ಪ್ರವೇಶವಿಲ್ಲ. ಮೈಯಲ್ಲಿ ಉಣ್ಣಿ ಇದ್ದರೆ ಅದು ಹೋದ ಮೇಲೆ ಬನ್ನಿ. ಹೇಲು ಎತ್ತುವುದು ಅವರವರ ಕೆಲಸ, ಅದಕ್ಕೆ ಮುಚ್ಚಳದ ಡಬ್ಬ ಇಡಿ. ಬೆಂಚು ಒಂದೇ ಸಾಕು. ಜಾಸ್ತಿ ಹಾಕಿದರೆ ಎಲ್ಲರೂ ಮೊಬೈಲ್ ನೋಡುತ್ತಾ ಕೂತುಬಿಡುತ್ತಾರೆ, ಆಮೇಲೆ ಮೂಲೆಯಲ್ಲಿದ್ದದ್ದು ಯಾರ ನಾಯಿಯದ್ದು ಅಂತ ದೊಡ್ಡ ಜಗಳ.